ಗಿರಿಜಾ ಆಂಟಿ ಮುಟ್ಟದೆ ಬಂದ ಬಂಡೆ

ಜೆ.ಪಿ. ನಗರದ ನಮ್ಮ ಕ್ಲೈಂಬಿಂಗ್ ಕ್ಲಬ್ಬಿನ ಜೊತೆ ಆ ಸಲ ಪುಟ್ಟೇನಹಳ್ಳಿಯ ಗಿರಿಜಾ ಆಂಟಿಯೂ ಬಂದಿದ್ದರು. ಅವರ ಮಗ ಹಿಂದೊಮ್ಮೆ ಗೆಳೆಯರ ಜೊತೆ ನಾವು ಹೊರಟಿದ್ದ ಬೆಟ್ಟಕ್ಕೇ ಹೋಗಿ, ಬಂಡೆಯಿಂದ ಜಾರಿಬಿದ್ದು ತೀರಿಕೊಂಡಿದ್ದ. ಆ ಬಂಡೆಯನ್ನು ಒಮ್ಮೆ ಮುಟ್ಟಿ ಬರಬೇಕು ಅನ್ನೋದಷ್ಟೇ ಅವರ ಆಸೆ.

ರಾತ್ರಿ ತಂಗಬೇಕಿದ್ದ ಬೆಟ್ಟದ ಮೇಲಿನ ಶೆಡ್ಡು ತಲುಪುವಷ್ಟರಲ್ಲಿ ಮಳೆ ಹಿಡಿಯಿತು. ಮರುದಿನವೂ ಬಿಡಲಿಲ್ಲ. ಆಂಟಿ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಂತರು.

"ಹೋಗೋಣ ಬಾಪ್ಪ. ನಿಧಾನಕ್ಕೆ ಬರ್ತೀನಿ."

ತಂಡದ ಜವಾಬ್ದಾರಿ ನನ್ನದು. "ಬೇಡ ಆಂಟಿ, ಬಂಡೆ ಜಾರುತ್ತೆ. ಇವತ್ತು ಯಾರನ್ನೂ ಕರ್ಕೊಂಡು ಹೋಗಲ್ಲ," ಅಂದೆ.

"ಇಷ್ಟು ದೂರ ಬಂದಿದ್ದೀನಲ್ಲ?"

"ಆದ್ರೂ ಬೇಡ."

ಬೈತಾರೆ ಅಂದುಕೊಂಡೆ. ಅವರು ಹೊರಗಿನ ಮಳೆಯ ಕಡೆ ತಿರುಗಿದರು.

"ಅವತ್ತೂ ಹೀಗೇ ಮಳೆ ಇತ್ತಂತೆ. ಅವನಿಗೂ ಯಾರಾದ್ರೂ ಹೀಗೆ ಹೇಳಬೇಕಿತ್ತು," ಅಂದು, ಕೂತು ಶೂ ಬಿಚ್ಚಿದರು.

ನಾನೂ ಹೋಗಿ ಪಕ್ಕದಲ್ಲಿ ಕೂತೆ. ದೂರದಲ್ಲಿ ಕಾಣುತ್ತಿದ್ದ ಬಂಡೆಯನ್ನು ಕಿಟಕಿಯಿಂದ ನೋಡುತ್ತಾ, ಸಂಜೆಯವರೆಗೂ ಅವರು ಮಗನ ವಿಷಯ ಹೇಳಿದರು. ಹಾಗಲಕಾಯಿ ಅವನಿಗೆ ಸೇರುತ್ತಿರಲಿಲ್ಲವಂತೆ. ಸ್ಕೂಟರನ್ನು ಒಂದು ದಿನವೂ ತೊಳೆದವನಲ್ಲವಂತೆ.

ಈಗ ಶನಿವಾರ ಸ್ವಲ್ಪ ಮೋಡ ಕವಿದರೂ ಅವರ ಫೋನು ಬರುತ್ತೆ: "ಎಲ್ಲೂ ಹೋಗ್ತಿಲ್ಲ ತಾನೇ?" ನಮ್ಮ ಕ್ಲಬ್ಬಿನಲ್ಲಿ ಹವಾಮಾನ ವರದಿ ನೋಡುವುದನ್ನು ಎಲ್ಲರೂ ಬಿಟ್ಟಿದ್ದಾರೆ. ಆಂಟಿ ಬೇಡ ಅಂದರೆ ಬೇಡ, ಬಿಸಿಲು ಬಂದರೂ.