ನಾಲ್ಕನೇ ವರ್ಷಕ್ಕೆ ಉಳಿದವಳು ನಾನೊಬ್ಬಳೇ

೨೦೨೪ರಲ್ಲಿ ನಾನು ಬಿ.ಎ. ನಾಲ್ಕನೇ ವರ್ಷಕ್ಕೆ ಸೇರಿದೆ. ಬಿ.ಎ.ಗೆ ನಾಲ್ಕನೇ ವರ್ಷ ಎಲ್ಲಿಂದ ಬಂತು ಎಂದು ಈಗಲೂ ಜನ ಕೇಳುತ್ತಾರೆ. ನಾವು ಕಾಲೇಜಿಗೆ ಕಾಲಿಟ್ಟಾಗ ಕೇಂದ್ರ ಸರ್ಕಾರದ ಹೊಸ ಶಿಕ್ಷಣ ನೀತಿ ಆಗಷ್ಟೇ ಜಾರಿಗೆ ಬಂದಿತ್ತು. ನಮ್ಮ ಸರ್ಕಾರಿ ವಿಶ್ವವಿದ್ಯಾಲಯ ಅದನ್ನು ಒಪ್ಪಿಕೊಂಡು ಡಿಗ್ರಿಯನ್ನು ನಾಲ್ಕು ವರ್ಷ ಮಾಡಿತು. ನಾಲ್ಕೂ ಓದಿದವರಿಗೆ ಆನರ್ಸ್, ಆಮೇಲೆ ಎಂ.ಎ. ಒಂದೇ ವರ್ಷದಲ್ಲಿ ಮುಗಿಯುತ್ತದೆ ಎಂದು ಮೊದಲ ದಿನ ಸಭಾಂಗಣದಲ್ಲಿ ಹೇಳಿದರು. ನಾನು ನಂಬಿದೆ. ನಮ್ಮ ಮೂರನೇ ವರ್ಷ ಮುಗಿಯುವ ಹೊತ್ತಿಗೆ ರಾಜ್ಯ ಸರ್ಕಾರ ಆ ನೀತಿಯೇ ಬೇಡ ಎಂದಿತು. ಹೊಸಬರಿಗೆ ಮತ್ತೆ ಮೂರೇ ವರ್ಷ. ಮೊದಲೇ ಸೇರಿದ್ದ ನಮ್ಮಂಥವರಿಗೆ ಮಾತ್ರ, ಬೇಕಿದ್ದರೆ ನಾಲ್ಕನೆಯದು ಓದಿಕೊಳ್ಳಿ ಎಂದಾಯಿತು.

ಗೆಳತಿಯರೆಲ್ಲ ಮೂರು ವರ್ಷದ ಡಿಗ್ರಿ ತೆಗೆದುಕೊಂಡು ಹೊರಟರು. ಸಮಾಜಶಾಸ್ತ್ರದಲ್ಲಿ ನನ್ನ ಜೊತೆ ನಾಲ್ಕನೆಯದಕ್ಕೆ ಹೆಸರು ಕೊಟ್ಟಿದ್ದ ಇಬ್ಬರಲ್ಲಿ ಒಬ್ಬಳು ಬಿ.ಎಡ್.ಗೆ ಹೋದಳು, ಇನ್ನೊಬ್ಬಳು ಕುಶಾಲನಗರದ ಬಟ್ಟೆ ಅಂಗಡಿಗೆ ಸೇರಿದಳು.

"ಒಬ್ಳೇ ಕೂತ್ಕಂಡು ಏನ್ ಕಲೀತೀಯ? ಮಾತಾಡಕ್ಕಾದ್ರೂ ಒಂದ್ ಜನ ಬ್ಯಾಡ್ವಾ?" ಎಂದಳು ಅಮ್ಮ. ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಓದುವುದಕ್ಕೆ ಅಡ್ಡಿ ಮಾಡುವವಳಲ್ಲ ಅವಳು. ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆಯನ್ನೇ.

ಮೊದಲ ದಿನ ಸುಬೈದಾ ಮೇಡಂ ತರಗತಿಗೆ ಬಂದು ಖಾಲಿ ಬೆಂಚುಗಳನ್ನು ಒಮ್ಮೆ ನೋಡಿದರು. ಅವರು ಸುಂಟಿಕೊಪ್ಪದವರು, ಅತಿಥಿ ಉಪನ್ಯಾಸಕಿ. ಏನೂ ಆಗಿಲ್ಲವೆಂಬಂತೆ ಹಾಜರಿ ಪುಸ್ತಕ ತೆರೆದು ನನ್ನ ಹೆಸರು ಕೂಗಿದರು. ನಾನು ಎದ್ದು ನಿಂತು "ಪ್ರೆಸೆಂಟ್ ಮೇಡಂ" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಒಬ್ಬಳೇ ಓದುವುದು ಎಂದರೆ ಏನೆಂದು ಆ ವರ್ಷ ತಿಳಿಯಿತು. ಪೆನ್ನು ನಿಂತರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಅರ್ಥವಾಗದಿದ್ದಾಗ ಯಾರ ಮುಖವನ್ನೂ ನೋಡುವಂತಿಲ್ಲ. ಜ್ವರ ಬಂದರೂ ಹೋಗುತ್ತಿದ್ದೆ. ನಾನು ಹೋಗದಿದ್ದರೆ ತರಗತಿಯೇ ಇಲ್ಲ. ಜೂನಿಯರ್‌ಗಳಿಗೆ ನನ್ನ ಹೆಸರು ಗೊತ್ತಿರಲಿಲ್ಲ. ವರಾಂಡದಲ್ಲಿ ಕಂಡರೆ "ನಾಲ್ಕನೇ ವರ್ಷ ಬಂತು ನೋಡ್ರೇ" ಎನ್ನುತ್ತಿದ್ದರು. ಮಧ್ಯಾಹ್ನ ಕಿಟಕಿಯ ಪಕ್ಕ ಕುಳಿತು ಬುತ್ತಿ ಬಿಚ್ಚುತ್ತಿದ್ದೆ. ಎಷ್ಟೋ ದಿನ ಅರ್ಧಕ್ಕೇ ಮುಚ್ಚಿಟ್ಟಿದ್ದೇನೆ.

ಅರ್ಧ ವರ್ಷ ಕಳೆದ ಮೇಲೆ ಕುಲಸಚಿವರು ಕರೆಸಿದರು. ಒರಟು ಮನುಷ್ಯರಲ್ಲ. ಕುರ್ಚಿ ತೋರಿಸಿ ಕೂರಿಸಿದರು.

"ನೋಡಮ್ಮ, ದೆಹಲಿಯವರು ಮಾಡಿ ಅಂದ್ರು, ಮಾಡಿದ್ವಿ. ಬೆಂಗಳೂರಿನವರು ಬಿಡಿ ಅಂದ್ರು, ಬಿಟ್ವಿ. ಮಧ್ಯದಲ್ಲಿ ನೀನೊಬ್ಬಳು ಉಳ್ಕೊಂಡಿದ್ದೀಯ. ಮೈಸೂರಿನ ಕಾಲೇಜಲ್ಲಿ ನಾಲ್ಕನೇ ವರ್ಷದವರು ಒಂದಷ್ಟು ಜನ ಇದ್ದಾರೆ. ವರ್ಗಾವಣೆ ಮಾಡಿಸಿಕೊಡ್ತೀನಿ. ಬೇಡ ಅಂದ್ರೆ ಮೂರು ವರ್ಷದ ಡಿಗ್ರಿ ತಗೊಂಡು ಹೋಗು. ಯೋಚನೆ ಮಾಡಿ ಹೇಳು."

ನಾನು ನೇರ ಮೇಡಂ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡು ಹೇಳಿದರು: "ಅಲ್ಲಿ ಜೊತೆಗೆ ಜನ ಇರ್ತಾರೆ ಮೋಳೇ. ನಿಂಗೆ ಒಳ್ಳೇದು ಅನ್ಸಿದ್ರೆ ಹೋಗು. ನನ್ನ ಮುಖ ನೋಡ್ಬೇಡ." ಮೋಳೇ ಎಂದರೆ ಅವರ ಮನೆಮಾತು ಮಲಯಾಳದಲ್ಲಿ ಮಗಳೇ ಎಂದು.

ಆ ರಾತ್ರಿ ನಾನು ಹೋಗುವುದೆಂದೇ ನಿರ್ಧರಿಸಿದ್ದೆ. ಆದರೆ ಆನರ್ಸ್‌ಗೆ ನಾನು ಬರೆಯಬೇಕಿದ್ದ ಅಧ್ಯಯನದ ವಿಷಯ ನಮ್ಮೂರಿನದು. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು, ಮಾಲೀಕರು ಸಾಲಾಗಿ ಕಟ್ಟಿಸಿದ ಲೈನ್‌ಮನೆಗಳಲ್ಲಿರುವವರ ಮಕ್ಕಳು ಇಲ್ಲಿನ ಶಾಲೆಯಲ್ಲಿ ಹೇಗೆ ಕಲಿಯುತ್ತಾರೆ ಎಂದು ಬರೆಯುತ್ತಿದ್ದೆ. ಆ ಮಕ್ಕಳು ಆಗಷ್ಟೇ ನನ್ನ ಜೊತೆ ಮಾತಾಡಲು ಶುರು ಮಾಡಿದ್ದರು. ಅವರನ್ನು ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಕುಲಸಚಿವರ ಮುಂದೆ ನಿಂತೆ. "ಸರ್, ಸೇರಿಸ್ಕೊಳ್ಳುವಾಗ ನಾಲ್ಕು ವರ್ಷ ಅಂತ ನೀವೇ ಹೇಳಿದ್ರಿ. ಇಲ್ಲೇ ಮುಗಿಸ್ತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರಿ. ಕೊನೆಗೊಂದು ಸೆಮಿನಾರ್ ಕೊಡಬೇಕಲ್ಲ, ಯಾರ ಮುಂದೆ ಕೊಡ್ತೀಯ?"

"ಯಾರಿರ್ತಾರೋ ಅವರ ಮುಂದೆ ಸರ್."

ಸೆಮಿನಾರ್ ದಿನ ಜೂನಿಯರ್‌ಗಳಿಗೆ ರಜೆ. ಬರುತ್ತೇವೆ ಎಂದಿದ್ದ ಬೇರೆ ವಿಭಾಗದವರೂ ಬರಲಿಲ್ಲ. ಸುಬೈದಾ ಮೇಡಂ ಮಾತ್ರ ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಮಾತಾಡಿದ್ದೆಲ್ಲ ಗೋಡೆಗೆ ಬಡಿದು ನನಗೇ ವಾಪಸ್ ಬರುತ್ತಿತ್ತು. ಹೇಗೋ ಮುಗಿಸಿದೆ.

ಮೇಡಂ ಒಂದು ಪ್ರಶ್ನೆ ಕೇಳಿದರು. ಉತ್ತರ ಹೇಳಿದೆ. ಅವರು ಎದ್ದು ಹೋಗಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕುಳಿತು ಕೈ ಎತ್ತಿ ಇನ್ನೊಂದು ಕೇಳಿದರು. ಅದಕ್ಕೂ ಹೇಳಿದೆ. ಆಮೇಲೆ ಸೀರೆಯ ಸೆರಗು ಹಿಡಿದುಕೊಂಡು ಕಟ್ಟಕಡೆಯ ಬೆಂಚಿಗೆ ಹೋದರು. ಅಲ್ಲಿಂದ, "ಮೇಡಂ, ಆ ಮಕ್ಕಳು ಶಾಲೇಲಿ ಯಾರ ಜೊತೆ ಕೂತ್ಕೊಳ್ತಾರೆ?" ಎಂದರು.

ನನ್ನನ್ನು ಮೇಡಂ ಎಂದಿದ್ದರು. ನಗು ಬಂತು. ಅದರ ಹಿಂದೆಯೇ ಅಳು ಬಂತು. "ಅವರವರೇ ಕೂತ್ಕೊಳ್ತಾರೆ" ಎಂದು ಕೈಯಲ್ಲಿದ್ದ ಕಾಗದದ ಕಡೆ ಬಗ್ಗಿ ಮೆಲ್ಲಗೆ ಹೇಳಿದೆ.

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ. ಜೋರಾಗಿ ಹೇಳಿ" ಎಂದರು. ಜೋರಾಗಿಯೇ ಹೇಳಿದೆ.

ಒಳ್ಳೆಯ ದರ್ಜೆಯಲ್ಲಿ ಪಾಸಾದೆ. ಅಂಕಪಟ್ಟಿ ತರಲು ಹೋದಾಗ ವಿಭಾಗದಲ್ಲಿ ಮೇಡಂ ಇರಲಿಲ್ಲ. ಅಲ್ಲಿನ ಅಟೆಂಡರ್ ಹೇಳಿದರು: "ಮುಂದಿನ ಬ್ಯಾಚಲ್ಲಿ ನಾಲ್ಕನೇ ವರ್ಷಕ್ಕೆ ಯಾರೂ ಸೇರ್ಲಿಲ್ವಲ್ಲ. ಮೇಡಂಗೆ ಇದ್ದಿದ್ದೇ ನಿನ್ನ ಕ್ಲಾಸು. ಈಗ ಅವ್ರಿಗೆ ಪಿರಿಯಡ್ಡೇ ಇಲ್ಲ. ನೀನು ಮೈಸೂರಿಗೆ ಹೋಗಿದ್ರೆ ಅವ್ರು ಅವತ್ತೇ ಮನೆಗೆ ಹೋಗ್ಬೇಕಿತ್ತು."

ಊರಿಗೆ ಹೋಗುವ ಬಸ್ಸಿನಿಂದ ಸುಂಟಿಕೊಪ್ಪದಲ್ಲೇ ಇಳಿದೆ. ಕೇಳಿಕೊಂಡು ಹೋದರೆ ಮೇಡಂ ತಮ್ಮ ಅಣ್ಣನ ಚಪ್ಪಲಿ ಅಂಗಡಿಯಲ್ಲಿದ್ದರು. ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ಖುಷಿಪಟ್ಟರು.

"ನಾನು ಹೋದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ ಮೇಡಂ?" ಎಂದೆ.

"ಹೇಳಿದ್ರೆ ನೀನು ನಂಗೋಸ್ಕರ ಕೂತಿರ್ತಿದ್ದೆ ಮೋಳೇ. ನಂಗೆ ಪಾಠಕ್ಕೋಸ್ಕರ ಕೂರೋ ಹುಡುಗಿ ಬೇಕಿತ್ತು" ಎಂದರು. ಅಷ್ಟರಲ್ಲಿ ಯಾರೋ ಗಿರಾಕಿ ಬಂದರು. ಮೇಡಂ ಎದ್ದು ಹೋಗಿ ಮೇಲಿನ ಸಾಲಿನಿಂದ ಡಬ್ಬ ಇಳಿಸತೊಡಗಿದರು.

ಈಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ನಾನು ಸೇರಿದ ಕಡೆ ಒಂದು ವರ್ಷದ ಎಂ.ಎ. ಇನ್ನೂ ಶುರುವಾಗಿಲ್ಲ, ಹಾಗಾಗಿ ಎರಡು ವರ್ಷವೇ. ತರಗತಿ ತುಂಬ ಜನ. ನಾನು ಹೋಗದಿದ್ದರೂ ಪಾಠ ನಡೆಯುತ್ತದೆ, ಹೋದರೂ ಯಾರಿಗೂ ತಿಳಿಯುವುದಿಲ್ಲ. ಇಲ್ಲಿಗಿಂತ ಆ ಖಾಲಿ ಕೋಣೆಯಲ್ಲೇ ನನಗೆ ಒಂಟಿತನ ಕಡಿಮೆ ಇತ್ತು ಎಂದರೆ ಇಲ್ಲಿನ ಗೆಳತಿಯರು ನಗುತ್ತಾರೆ.