ಎದುರು ಮನೆಯ ಅಧ್ಯಕ್ಷರು

ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಗುವಿನ ನೆಗಡಿಗೆಂದು ಪುಟ್ಟ ಸೀಸೆ ತೆಗೆದು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹನಿಸಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟು ಮುಗಿಸಿ ಹತ್ತಿದ ಹುಡುಗರ ಗದ್ದಲವೆಲ್ಲ ಎಲ್ಲೋ ದೂರ ಸರಿಯಿತು. ನಮ್ಮ ಎದುರು ಮನೆಯ ನಡುಮನೆ ಕಣ್ಣಿಗೆ ಕಟ್ಟಿತು. ಚಾಪೆಯ ಮೇಲೆ ಮಲಗಿದ್ದ ಅಜ್ಜಿ, ಅವಳ ಎದೆಗೆ ಇದೇ ಎಣ್ಣೆ ತಿಕ್ಕುತ್ತ ಕೂತಿದ್ದ ನಾನು... ಮತ್ತು ಅಲ್ಲಿ ಇರಬೇಕಾಗಿದ್ದೂ ಇರದಿದ್ದ ಅವಳ ಮಗ.

ಅವರನ್ನು ನಾವು ಅಣ್ಣ ಎನ್ನುತ್ತಿದ್ದೆವು. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಎರಡೆರಡು ಕರೆಂಟು ಮಗ್ಗ. ಬೀದಿಯ ಹೆಂಗಸರು ಕೊಡ ಹಿಡಿದು ನೀರಿಗಾಗಿ ಜಗಳವಾಡುವುದನ್ನು ನೋಡಿ ನೋಡಿ, ಎಂಬತ್ತರ ದಶಕದ ನಡುವೆ ಅವರು ಪುರಸಭೆ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಅವರಿಗಿಂತ ಹೆಚ್ಚು ಓಡಾಡಿದ್ದು ಅವರ ತಾಯಿ. ಮನೆಮನೆಗೆ ಹೋಗಿ, "ನನ್ ಮಗನ್ನ ಒಂದ್ಸಲ ಕುರ್ಚಿ ಮ್ಯಾಲೆ ಕೂರ್ಸಿ ನೋಡ್ರವ್ವ" ಎಂದು ಕೈ ಹಿಡಿಯುತ್ತಿದ್ದಳು. ಠೇವಣಿಯೂ ಉಳಿಯಲಿಲ್ಲ. ಅಣ್ಣ ನಾಚಿಕೆಯಿಂದ ವಾರವೆಲ್ಲ ಮನೆ ಬಿಟ್ಟು ಹೊರಬರದಿದ್ದಾಗ ಅಜ್ಜಿಯೇ ಗದರಿದಳು: "ಮುಳ್ಳು ಚುಚ್ತು ಅಂತ ನಡ್ಯೋದ್ ಬಿಡ್ತಾರೇನ್ಲಾ?"

ಮುಂದಿನ ಚುನಾವಣೆಯಲ್ಲಿ ಅವರು ಗೆದ್ದರು. ಗೆದ್ದ ಸದಸ್ಯರು ಎರಡು ಗುಂಪಾಗಿ ಸರಿಸಮ ನಿಂತಿದ್ದರಿಂದ ಪಕ್ಷೇತರರಾದ ಅಣ್ಣ ಯಾವ ಕಡೆ ಹೋದರೆ ಆ ಕಡೆಗೆ ಪುರಸಭೆ ಎಂದಾಯಿತು. ಒಂದು ಗುಂಪಿನ ಮುಖಂಡ, ಊರಾಚೆ ಬೇಕಾದಷ್ಟು ಜಮೀನಿದ್ದ ಮನುಷ್ಯ, ಅಧ್ಯಕ್ಷಗಿರಿಯನ್ನೇ ಕೊಡುತ್ತೇನೆಂದ. ಅಧ್ಯಕ್ಷರ ಆಯ್ಕೆಯ ಓಟಿನ ದಿನದವರೆಗೆ ಯಾರೂ ಯಾರನ್ನೂ ಸೆಳೆಯದಿರಲೆಂದು ತನ್ನ ಕಡೆಯವರನ್ನೆಲ್ಲ ವ್ಯಾನಿನಲ್ಲಿ ತುಂಬಿ ನಂದಿ ಬೆಟ್ಟದ ತಪ್ಪಲಿನ ಒಂದು ತೋಟದ ಮನೆಗೆ ಸಾಗಿಸಿದ. ಅಜ್ಜಿಗೆ ಆಗಲೇ ಕೆಮ್ಮು ಜೋರಾಗಿತ್ತು. ಹೊಸಿಲಲ್ಲಿ ಅಣ್ಣ ಹಿಂದೆಮುಂದೆ ನೋಡಿದಾಗ, "ಹೋಗ್ಬಾ ಮಗ, ನಾನೆಲ್ ಓಡೋಗ್ತೀನಿ" ಎಂದು ನಕ್ಕಳು.

ಓಟಿಗೆ ಒಂದು ದಿನ ಮುಂಚೆ, ಮಧ್ಯಾಹ್ನ, ಅವಳಿಗೆ ಉಸಿರು ಎಳೆಯತೊಡಗಿತು. ಡಾಕ್ಟರು ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಅವಳು ಒಪ್ಪಲಿಲ್ಲ, ಮಗ ಬರಲಿ ಎಂದಳು. ಅಣ್ಣನ ಹೆಂಡತಿಯೂ ನಾನೂ ಮುಖಂಡನ ಮನೆಗೆ ಓಡಿದೆವು. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಲೇ ವಿಷಯ ಹೇಳಿದಳು.

"ಹೇಳಿ ಕಳಿಸ್ತೀನಮ್ಮ," ಎಂದ ಆತ. "ಆದ್ರೆ ನಾಳೆ ಅವ್ರೊಬ್ರು ತಪ್ಪುದ್ರೆ ಎಲ್ಲಾ ಹೊಳೇಲಿ ಹುಣಸೆಹಣ್ಣು ಕಿವುಚ್ದಂಗೆ."

ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಅಜ್ಜಿ ಕಣ್ಣು ಬಿಟ್ಟು "ಬಂದ್ನಾ?" ಎನ್ನುತ್ತಿದ್ದಳು. ಲಾರಿಗೂ, ಲೂನಾಗೂ, ಕೊನೆಗೆ ಹಾಲಿನವನ ಸೈಕಲ್ಲಿಗೂ... ಬೆಳಗಿನ ಹಾಲು ಬಂದ ಹೊತ್ತಿಗೇ ಅವಳು ಹೋಗಿಬಿಟ್ಟಳು.

ಪುರಸಭೆಯಲ್ಲಿ ಕೈಗಳು ಎದ್ದವು. ಅಣ್ಣನ ಕಡೆ ಒಂದು ಕೈ ಹೆಚ್ಚು, ಅದು ಅವರದೇ ಕೈ. ಪಟಾಕಿ, ತಮಟೆ, ಜೀಪು ಎಲ್ಲ ನಮ್ಮ ಬೀದಿಯ ತಿರುವಿಗೆ ಬಂದು, ಬಾಗಿಲ ಮುಂದೆ ಸುಮ್ಮನೆ ನಿಂತಿದ್ದ ಜನರನ್ನು ಕಂಡು ತಟ್ಟನೆ ನಿಂತವು. ಅಣ್ಣ ಕೊರಳಿನ ಹಾರಗಳನ್ನು ಕಿತ್ತು ಜೀಪಿನೊಳಗೇ ಎಸೆದು ಒಳಗೆ ಬಂದರು. ಒಂದೆರಡು ಎಸಳು ಅಂಗಿಗೆ ಅಂಟಿಕೊಂಡಿದ್ದವು. ಅವ್ವನ ಕಾಲ ಬಳಿ ಕೂತು ಕೇಳಿದರು: "ಕೊನೇಲಿ ಅವ್ವ ಏನಾರ ಅಂದ್ಲಾ?"

ಅತ್ತಿಗೆ ತಲೆಯೆತ್ತದೆ, "ಗೆದ್ನಾ ಅಂತ ಕೇಳುದ್ರು" ಎಂದಳು.

ನಾನು ಪಕ್ಕದಲ್ಲೇ ಇದ್ದೆ. ಅತ್ತಿಗೆಯ ಮುಖ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ.

ಮುಖಂಡರು ಸುದ್ದಿ ಮುಚ್ಚಿಟ್ಟರಂತೆ, ಪಾಪ, ಇವರಿಗೆ ತಿಳಿದೇ ಇರಲಿಲ್ಲವಂತೆ ಎಂಬ ಮಾತು ಊರಲ್ಲೆಲ್ಲ ಹಬ್ಬಿತು. ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಧ್ಯಕ್ಷರಾಗಿ ಅವರು ಮೈಮುರಿದು ದುಡಿದದ್ದಂತೂ ನಿಜ. ನೇಕಾರರ ಬೀದಿಗಳಿಗೆ ನಲ್ಲಿ ಬಂತು, ಚರಂಡಿಗೆ ಕಲ್ಲು ಬಿತ್ತು. ನಮ್ಮ ಬಾಗಿಲಲ್ಲಿ ಮೊದಲ ಸಲ ನೀರು ಬಂದ ದಿನ ಹೆಂಗಸರೆಲ್ಲ ಆರತಿ ಎತ್ತಲು ಹೋದರೆ ಅವರು ಹಿತ್ತಲ ಬಾಗಿಲಿನಿಂದ ಹೊರಟುಹೋಗಿದ್ದರು. ವಿನಯ ಎಂದುಕೊಂಡೆವು. ಯಾರಾದರೂ ಹೊಗಳಿದರೆ ಅವರ ಕಿವಿ ಕೆಂಪಾಗುತ್ತಿತ್ತು, ಕಣ್ಣು ನೆಲ ನೋಡುತ್ತಿತ್ತು. ಅದನ್ನೂ ವಿನಯವೆಂದೇ ತಿಳಿದೆವು...

ಅಷ್ಟರಲ್ಲಿ ನಾನು ಮದುವೆಯಾಗಿ ಸೂಲಿಬೆಲೆಗೆ ಬಂದೆ. ತೊಂಬತ್ತರ ದಶಕದ ನಡುವೆ ಮತ್ತೆ ಚುನಾವಣೆ ಬಂದಾಗ ನಾನು ಕೂಸಿನೊಂದಿಗೆ ತವರಿನಲ್ಲಿದ್ದೆ. ಅಣ್ಣ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಒಂದು ಸಾಯಂಕಾಲ ಬೀದಿಯ ತಿರುವಿನಲ್ಲಿ ಸಭೆ ಏರ್ಪಟ್ಟಿತು. ಅದೇ ಮುಖಂಡ ಮೈಕು ಹಿಡಿದ.

"ಹೆತ್ತ ತಾಯಿ ಜೀವ ಹೋಗ್ತಿತ್ತು. ಆ ಸುದ್ದಿ ಇವ್ರಿಗೆ ನಾವು ಹೇಳ್ಲಿಲ್ಲ, ತಪ್ಪು ನಮ್ದು! ಆ ಮಹಾತಾಯಿ ಕೊನೇ ಉಸ್ರಲ್ಲಿ ಕೇಳಿದ್ದೇನು? ನನ್ನ ಮಗ ಗೆದ್ನಾ ಅಂತ! ಊರಿಗೋಸ್ಕರ ಇಂಥಾ ತ್ಯಾಗ ಯಾರ್ ಮಾಡ್ಯಾರೆ?"

ಹೆಂಗಸರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಅಣ್ಣ ಕುರ್ಚಿಯಿಂದ ಎದ್ದು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. ಮಾತು ಹೊರಡುವ ಮೊದಲು ಎರಡು ಸಲ ಕೆಮ್ಮಿದರು.

"ಸುದ್ದಿ ನಂಗೆ ಗೊತ್ತಿತ್ತು," ಎಂದರು. "ಸಾಯಂಕಾಲಾನೇ ಹೇಳುದ್ರು. ಜೀಪೂ ತಂದ್ ನಿಲ್ಸುದ್ರು. ಒಂದ್ ಗಂಟೆ ದಾರಿನೂ ಇರ್ಲಿಲ್ಲ. ಹೋದ್ರೆ ಅವ್ವ ಕೈ ಹಿಡ್ಕಂತಾಳೆ, ಬಿಡಿಸ್ಕಂಡ್ ಬರಕ್ಕಾಗಲ್ಲ, ಅಧ್ಯಕ್ಷಗಿರಿ ತಪ್ಪೋಯ್ತದೆ ಅಂತ ನಾನೇ ಹತ್ತಲಿಲ್ಲ. ಇದನ್ನ ತ್ಯಾಗ ಅನ್ಬ್ಯಾಡಿ. ನಂಗೆ ನಾಚ್ಕೆ ಆಯ್ತದೆ."

ಮುಖಂಡ ಮೈಕಿನ ಮೇಲೆ ಅಂಗೈ ಇಟ್ಟ. ತಡವಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣ್ಣೊರೆಸಿಕೊಂಡಿದ್ದ ಒಬ್ಬಾಕೆ "ಥೂ" ಎಂದು ಎದ್ದು ನಡೆದಳು. ಅವಳ ಹಿಂದೆ ಇನ್ನೂ ಹಲವರು. ನನಗೆ ತಲೆಯೆತ್ತಲಾಗಲಿಲ್ಲ. ಅಜ್ಜಿಯ ಸಾವನ್ನು ಕೇಳಿ ಈಗಷ್ಟೇ ಚಪ್ಪಾಳೆ ತಟ್ಟಿದವರು ನಾವೇ ಅಲ್ಲವೇ... ಅದಕ್ಕೆ ಯಾರೂ ನಾಚಿಕೊಂಡಂತೆ ಕಾಣಲಿಲ್ಲ.

ಅಣ್ಣ ಸೋತರು. ನಲ್ಲಿ ಹಾಕಿಸಿದ ಬೀದಿಗಳೇ ಅವರನ್ನು ಸೋಲಿಸಿದವು. ಬಾಯಿ ಮುಚ್ಚಿಕೊಂಡಿದ್ದರೆ ಗೆಲ್ಲುತ್ತಿದ್ದ ಎಂದು ಅವರ ಕಡೆಯವರೇ ಬೈದುಕೊಂಡು ತಿರುಗಿದರು.

ಎಣಿಕೆಯ ಮಾರನೆಯ ದಿನ ನಾನು ಕೂಸನ್ನು ಎತ್ತಿಕೊಂಡು ಎದುರು ಮನೆಗೆ ಹೋದೆ. ಅಣ್ಣ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು. ನನ್ನನ್ನು ಕಂಡವರೇ, "ನೀನೂ ಇದ್ದೆಯಲ್ಲಮ್ಮ ಅವತ್ತು... ಅವ್ವ ಗೆದ್ನಾ ಅಂದ್ಲಾ?" ಎಂದರು.

ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತಿಗೆಯೇ ಹೇಳಿದಳು.

"ಬಂದ್ನಾ ಅಂದ್ರು. ಗಾಡಿ ಸದ್ದಾದಾಗ್ಲೆಲ್ಲ ಅದೊಂದೇ ಮಾತು. ನಿಮ್ ಮುಖ ನೋಡಕ್ಕಾಗ್ದೆ ನಾನೇ ಸುಳ್ಳೇಳ್ದೆ."

"ಗೊತ್ತಿತ್ತು ಕಣೇ," ಎಂದರು ಅಣ್ಣ. "ಗೊತ್ತಿದ್ರೂ ಆ ಸುಳ್ಳನ್ನೇ ಹೊದ್ಕಂಡು ಮಲಗ್ತಿದ್ದೆ."

ಆಮೇಲೆ ಸ್ವಿಚ್ಚು ಒತ್ತಿ ಮಗ್ಗ ಹಾಕಿದರು. ಆ ಸದ್ದಿನಲ್ಲಿ ಯಾರೂ ಏನನ್ನೂ ಹೇಳುವಂತಿರಲಿಲ್ಲ. ಅತ್ತಿಗೆ ನನ್ನ ಕೂಸನ್ನು ತೆಗೆದುಕೊಂಡು ಒಳಗೆ ಹೋದಳು.

ಮತ್ತೆಂದೂ ಅವರು ಚುನಾವಣೆಗೆ ನಿಲ್ಲಲಿಲ್ಲ. ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಮೂರು ಸಲ ನಿಂತು ಒಂದು ಸಲ ಗೆದ್ದವರು. ಆ ಒಂದು ಗೆಲುವಿನ ಬಗ್ಗೆ ಅವರು ಬದುಕಿರುವವರೆಗೂ ತಲೆ ತಗ್ಗಿಸಿಯೇ ಇದ್ದರು.

ಹೋದ ತಿಂಗಳು ಅವತ್ತು ಬಸ್ಸಿಳಿದು ಆ ಬೀದಿಗೆ ಹೋದೆ. ಎದುರು ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ತುಂಬ ಬಾಡಿಗೆಯವರು. ಅತ್ತಿಗೆ ನೆಲಮಂಗಲದಲ್ಲಿ ಮಗಳ ಜೊತೆ ಇದ್ದಾಳಂತೆ. ಚುನಾವಣೆ ಹತ್ತಿರ ಬಂದಿತ್ತೇನೋ, ಬಿಳಿ ಅಂಗಿಯ ಯುವಕನೊಬ್ಬ ಕೈಮುಗಿದು, "ಅಮ್ಮ, ನಿಮ್ ಆಶೀರ್ವಾದ ಇರ್ಲಿ" ಎಂದ.

"ನಂದು ಇಲ್ಲಿ ಓಟಿಲ್ಲ ಕಣಪ್ಪ," ಎಂದೆ. ಎದುರು ಕಟ್ಟಡ ತೋರಿಸಿ, ಅಲ್ಲಿ ಹಿಂದೆ ಒಬ್ಬರು ಅಧ್ಯಕ್ಷರಿದ್ದರೆಂದು ಅಣ್ಣನ ಹೆಸರು ಹೇಳಿದೆ.

"ಹೆಸ್ರೇ ಕೇಳಿಲ್ವಲ್ಲಮ್ಮ. ಏನ್ ಮಾಡಿದ್ರು?"

ನಲ್ಲಿಯ ಕತೆ ಹೇಳಲೋ, ಮೈಕಿನ ಮುಂದಿನ ಆ ಸಾಯಂಕಾಲದ ಕತೆ ಹೇಳಲೋ ಎಂದು ತಡವರಿಸಿದೆ... ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಮುಂದಿನ ಮನೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದ.