ಯೆಸ್‌ರಿ

ನನ್ನ ಮೊಮ್ಮಗಳಿಗೆ ನೌಕರಿ ತಪ್ಪಿದ್ದು ಇಂಗ್ಲಿಷ್ ಬಾರದ್ದಕ್ಕಲ್ಲ, ಆ ಇಂಗ್ಲಿಷಿನಲ್ಲಿ ನಮ್ಮ ಮನೆ ಕೇಳಿಸಿದ್ದಕ್ಕೆ. ಉಳಿದದ್ದೆಲ್ಲ ನೆಪ.

ರಾಣೆಬೆನ್ನೂರಿನ ಒಂದು ಇಂಗ್ಲಿಷ್ ಶಾಲೆಗೆ ಟೀಚರ್ ಬೇಕಾಗಿದ್ದರು. ಬ್ಯಾಡಗಿಯಿಂದ ಬಸ್ಸಿನಲ್ಲಿ ಅವಳ ಜೊತೆ ನಾನೂ ಹೋದೆ. ಅವಳು ಒಳಗೆ ಹೋದಳು, ನಾನು ತೆರೆದ ಬಾಗಿಲ ಹೊರಗೆ ಕುಳಿತೆ. ಪಾಠ ಓದು ಎಂದರು. ಓದಿದಳು, ಎಲ್ಲಿಯೂ ತಡವರಿಸಲಿಲ್ಲ. ಆಮೇಲೆ ದೊಡ್ಡ ಮೇಡಂ ಏನೋ ಕೇಳಿದರು. ಇವಳು "ಯೆಸ್‌ರಿ" ಎಂದಳು.

ಒಳಗೆ ಯಾರೋ ನಕ್ಕರು. ಇವಳು ಗಾಬರಿಯಾಗಿ "ಸಾರಿರಿ" ಎಂದಳು. ನಗು ದೊಡ್ಡದಾಯಿತು.

"ನಮ್ಮ ಹುಡುಗ್ರು ಹಿಂಗ ಕಲ್ತು ಮನಿಗೆ ಹೋದ್ರ ಅವರ ಅಪ್ಪ ಅವ್ವ ಫೀ ಯಾಕ ಕಟ್ತಾರವಾ?" ಎಂದರು ಮೇಡಂ. ಅದನ್ನು ಹೇಳುವಾಗ ಅವರ ಬಾಯಲ್ಲೂ ನಮ್ಮ ಮಾತೇ ಬಂತು.

ಆ "ರಿ" ನಾನು ಕಲಿಸಿದ್ದು. ಸಣ್ಣವಳಿದ್ದಾಗ ಹಿರಿಯರಿಗೆ ಬರೀ "ಹೂಂ" ಎಂದರೆ ಅವಳ ರಟ್ಟೆ ಚಿವುಟುತ್ತಿದ್ದೆ.

ನಾನು ಸಣ್ಣವಳಿದ್ದಾಗ ಬ್ಯಾಡಗಿಯಲ್ಲಿ ರೈಲಿಗೆ ಕಾಯುವಾಗ "ಟೇಸನ್" ಎನ್ನುವವರು ನೆಲದ ಮೇಲೆ ಕೂರುತ್ತಿದ್ದರು, "ಸ್ಟೇಷನ್" ಎನ್ನುವವರು ಬೆಂಚಿನ ಮೇಲೆ. ಈಗ ನಾವೂ ಸ್ಟೇಷನ್ ಎನ್ನುತ್ತೇವೆ. ಅಷ್ಟರಲ್ಲಿ ಅವರು ಬೆಂಚನ್ನು ಬೇರೆ ಕಡೆ ಹಾಕಿಕೊಂಡಿದ್ದಾರೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಹಾವೇರಿ ಸಾಲ್ಯಾಗೂ ಕರದಾರಲಾ, ಸೋಮವಾರ?"

"ಹೋಗೂದಿಲ್ಲ, ಆಯಿ. ಬಾಯಿ ತಗದ್ರ ಸಾಕು, ಗೊತ್ತಾಗಿಬಿಡ್ತದ."

"ಏನ ಗೊತ್ತಾಗ್ತದ?"

"ನಾ ಯಾರ ಮೊಮ್ಮಗಳಂತ."

"ಗೊತ್ತಾಗ್ಲಿ. ಕಳ್ಳನ ಮೊಮ್ಮಗಳೇನಲ್ಲ."

"ಕಳ್ಳನ ಮೊಮ್ಮಗಳಾಗಿದ್ರೂ ನಡೀತಿತ್ತು, ಮಾತು ಛಲೋ ಇದ್ರ."

ಮನೆಗೆ ಬಂದು ಅವಳು ಸೀರೆಯನ್ನೂ ಬಿಚ್ಚದೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಸಮಾಧಾನ ಹೇಳಲಿಲ್ಲ. ಸಮಾಧಾನಕ್ಕೆ ಯಾರೂ ಪಗಾರ ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಲಿಲ್ಲ. ಕುರ್ಚಿ ಹಾಕಿಕೊಂಡು ಕುಳಿತು ಅವಳನ್ನು ಎಬ್ಬಿಸಿ ಎದುರಿಗೆ ನಿಲ್ಲಿಸಿದೆ. ನಾನು ದೊಡ್ಡ ಮೇಡಂ. ನನಗೆ ಇಂಗ್ಲಿಷ್ ಬಾರದು, ಕನ್ನಡದಲ್ಲೇ ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಹೇಳಿದಳು. "ರಿ" ಬಂದಾಗಲೆಲ್ಲ ಅದೇ ರಟ್ಟೆ ಚಿವುಟಿದೆ. ಚಹಾ ಆರುವ ಹೊತ್ತಿಗೆ ನನ್ನ ಮುಖ ನೋಡಿ ಬರೀ "ಯೆಸ್" ಎಂದಳು. ಯಾರೋ ಪರವೂರಿನವಳು ಬಂದು ನಿಂತ ಹಾಗಿತ್ತು.

"ಇನ್ನೊಮ್ಮೆ ಅನ್ನು" ಎಂದೆ.